ಏಜೆಂಟ್ ಬರೆದ ಆ್ಯಪ್ ಪ್ಲೇ ಸ್ಟೋರ್ ಮುಟ್ಟುವವರೆಗೆ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

“ಆ್ಯಪ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ ಸರ್, ಪ್ಲೇ ಸ್ಟೋರ್‌ಗೆ ಮಾತ್ರ ಹೋಗುತ್ತಿಲ್ಲ.” ವಿಜಯಪುರ, ಇಂಡಿ, ಜಮಖಂಡಿ ಕಡೆಯ ಹುಡುಗ ಹುಡುಗಿಯರಿಂದ ನನಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ಇವೇ. ನೋಡಿದರೆ ಕೋಡ್ ತಪ್ಪಿರುವುದು ಕಡಿಮೆ. ಹೆಜ್ಜೆಗಳ ಕ್ರಮ ತಪ್ಪಿರುತ್ತದೆ. ಕೊನೆಗೆ ಮಾಡಿದರಾಯ್ತು ಅಂತ ಬಿಟ್ಟ ಕೆಲಸವೇ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ಏಜೆಂಟ್, ಅಂದರೆ ನಾವು ಹೇಳಿದಂತೆ ಕೋಡ್ ಬರೆಯುವ ಎಐ, ಎರಡು ದಿನದಲ್ಲಿ ಕೋಡ್ ಬರೆದು ಕೊಡಬಹುದು. ಆದರೆ ಪರೀಕ್ಷೆಗೆಂದು ಗೂಗಲ್ ಕೇಳುವ 14 ದಿನಗಳನ್ನು ಅದು 13 ಮಾಡಲಾರದು.

ಇಲ್ಲಿ ನಾನು ಬಳಸುವ ಸಾಧನ ಮೊಬೈಲ್ ಆ್ಯಪ್ ಕಟ್ಟುವ ಎಕ್ಸ್‌ಪೋ ಮತ್ತು ಅದರದೇ ಇಎಎಸ್ ಸೇವೆ. ಇದರ ಬಹುತೇಕ ಕೆಲಸ ಟರ್ಮಿನಲ್‌ನಿಂದಲೇ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಿಂದಲೇ ನಡೆಯುತ್ತದೆ. ಹಾಗಾಗಿ ಕ್ಲಾಡ್ ಕೋಡ್, ಕರ್ಸರ್, ಕೋಡೆಕ್ಸ್, ಯಾವ ಎಐ ಏಜೆಂಟ್ ಆದರೂ ಪ್ರಾಜೆಕ್ಟ್ ಶುರು ಮಾಡುವುದರಿಂದ ಹಿಡಿದು ಸ್ಟೋರ್‌ಗೆ ಕಳಿಸುವವರೆಗೆ ಇದನ್ನು ತಾನೇ ನಡೆಸಬಲ್ಲದು. ಬಿಲ್ಡ್, ಅಂದರೆ ಕೋಡ್‌ನಿಂದ ಆ್ಯಪ್‌ನ ಫೈಲ್ ಮಾಡುವ ಕೆಲಸ, ಆಗುವುದು ಇಎಎಸ್‌ನ ಸರ್ವರ್‌ನಲ್ಲಿ. ನಿಮ್ಮ ಲ್ಯಾಪ್‌ಟಾಪ್‌ಗೆ ಆಂಡ್ರಾಯ್ಡ್ ಸ್ಟುಡಿಯೋದ ಭಾರ ಬೀಳುವುದಿಲ್ಲ.

ಉದಾಹರಣೆಗೆ ಒಂದೇ ಆ್ಯಪ್ ಇಟ್ಟುಕೊಳ್ಳೋಣ. ತಿಕೋಟಾ ಹತ್ತಿರ ನಮ್ಮ ಕಾಕಾ ಅವರ ಒಣದ್ರಾಕ್ಷಿ ಶೆಡ್ ಇದೆ. ಯಾರು ಎಷ್ಟು ಕ್ರೇಟ್ ಹಣ್ಣು ತಂದರು, ಎಷ್ಟು ಕೂಲಿ, ಎಷ್ಟು ಮುಂಗಡ, ಕೊನೆಗೆ ಎಷ್ಟು ಮಣೂಕ (ಒಣದ್ರಾಕ್ಷಿ) ಇಳಿಯಿತು, ಇಷ್ಟೇ ಲೆಕ್ಕ. ಅದಕ್ಕೊಂದು ಆ್ಯಪ್. ಹೆಸರು ‘ಶೆಡ್ ಲೆಕ್ಕ’ ಅಂತಿರಲಿ.

## ಬೇಕಾಗುವ ಸಾಮಾನು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಎಕ್ಸ್‌ಪೋ ಓಡಲು ನೋಡ್ ಜೆಎಸ್‌ನ ಎಲ್‌ಟಿಎಸ್ (ದೀರ್ಘ ಕಾಲ ಬೆಂಬಲ ಇರುವ) ಆವೃತ್ತಿ, ಕೋಡ್‌ನ ಹಳೆಯ ಪ್ರತಿಗಳನ್ನು ಉಳಿಸುವ ಗಿಟ್, ಒಂದು ಏಜೆಂಟ್, ಎಕ್ಸ್‌ಪೋ ಖಾತೆ ಬೇಕು. ಎರಡು ಆಂಡ್ರಾಯ್ಡ್ ಫೋನ್ ಬೇಕು. ಅದರಲ್ಲಿ ಒಂದು ಹಳೆಯದಾಗಿರಲಿ, ಸ್ಕ್ರೀನ್ ಸಣ್ಣದಾಗಿರಲಿ. ಆ್ಯಪ್ ಬಳಸುವವರ ಕೈಯಲ್ಲಿ ಇರುವುದು ಅಂಥದೇ ಫೋನ್.

ಅಂತರರಾಷ್ಟ್ರೀಯ ಪಾವತಿ ಚಾಲೂ ಇರುವ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಕೂಡ ಬೇಕು. ಹೊಸ ಕಾರ್ಡ್‌ಗಳಲ್ಲಿ ಇದು ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು. ಇದು ಗೊತ್ತಿಲ್ಲದೆ ಪಾವತಿ ಹಂತದಲ್ಲೇ ಎಷ್ಟೋ ಜನ ನಿಂತುಬಿಡುತ್ತಾರೆ.

## ಹಂತ 1: ಕೋಡ್‌ಗಿಂತ ಮೊದಲು ಪ್ಲೇ ಕನ್ಸೋಲ್ ಖಾತೆ

ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವುದು ಗೂಗಲ್ ಪ್ಲೇ ಕನ್ಸೋಲ್ ಎಂಬ ಪುಟದಿಂದ. ಏಜೆಂಟ್‌ಗೆ ಒಂದು ಮಾತು ಹೇಳುವ ಮೊದಲೇ ಅದರ ಖಾತೆಗೆ ಅರ್ಜಿ ಹಾಕಿ. ಶುಲ್ಕ 25 ಡಾಲರ್, ಒಂದೇ ಸಲ. ಆಮೇಲೆ ಗುರುತಿನ ಪರಿಶೀಲನೆ ಇರುತ್ತದೆ. ಗುರುತಿನ ಚೀಟಿಯಲ್ಲಿ ಹೆಸರು ಹೇಗಿದೆಯೋ ಖಾತೆಯಲ್ಲೂ ಹಾಗೇ ಇರಬೇಕು. ಮನೆತನದ ಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಬರೀ ಇನಿಶಿಯಲ್ ಇದ್ದರೆ ಪರಿಶೀಲನೆ ತಿರುಗಿ ಬರುತ್ತದೆ. ನಮ್ಮ ಕಡೆ ಒಂದೊಂದು ದಾಖಲೆಯಲ್ಲಿ ಒಂದೊಂದು ಹೆಸರು ಇರುವುದು ಮಾಮೂಲು. ಮೊದಲೇ ಸರಿನೋಡಿಕೊಳ್ಳಿ.

ಖಾತೆಯಲ್ಲಿ ಎರಡು ಬಗೆ ಇವೆ. ಸಂಸ್ಥೆಯ ಖಾತೆಗೆ ಡನ್ಸ್ ಸಂಖ್ಯೆ (ಸಂಸ್ಥೆಗಳನ್ನು ಗುರುತಿಸುವ ಸಂಖ್ಯೆ) ಬೇಕು. ಒಬ್ಬರೇ ಮಾಡುವವರು ವೈಯಕ್ತಿಕ ಖಾತೆ ತೆಗೆಯುತ್ತಾರೆ. ಎಲ್ಲರೂ ಎಡವುವ ನಿಯಮ ಇರುವುದು ಇಲ್ಲೇ. 2023ರ ನವೆಂಬರ್ 13ರ ನಂತರ ತೆಗೆದ ವೈಯಕ್ತಿಕ ಖಾತೆಯಾದರೆ, ಆ್ಯಪ್ ಎಲ್ಲರಿಗೂ ಸಿಗುವಂತೆ ಮಾಡುವ ಮೊದಲು ಕ್ಲೋಸ್ಡ್ ಟೆಸ್ಟಿಂಗ್, ಅಂದರೆ ನೀವು ಆರಿಸಿದವರಿಗೆ ಮಾತ್ರ ಕೊಟ್ಟು ನೋಡುವ ಪರೀಕ್ಷೆ, ಮಾಡಬೇಕು. ಕನಿಷ್ಠ 12 ಪರೀಕ್ಷಕರು ಸತತ 14 ದಿನ ಅದರಲ್ಲಿ ಇರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಯಿತು.

ಅಂದರೆ ಫೆಬ್ರುವರಿಯಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗುವ ಹೊತ್ತಿಗೆ ಆ್ಯಪ್ ಸ್ಟೋರ್‌ನಲ್ಲಿ ಇರಬೇಕು ಅಂದರೆ, ಜನವರಿ ಕೊನೆಗೆ ಕೂತರೆ ಆಗುವುದಿಲ್ಲ. ನಾನು ಕನಿಷ್ಠ ಆರು ವಾರ ಮೊದಲು ಶುರು ಮಾಡಿ ಅನ್ನುತ್ತೇನೆ.

ಇನ್ನೊಂದು ಎಚ್ಚರಿಕೆ. ಆ್ಯಪ್‌ನಿಂದ ಹಣ ಗಳಿಸುವವರಾದರೆ ನಿಮ್ಮ ಪೂರ್ತಿ ವಿಳಾಸ ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಮನೆ ವಿಳಾಸ ಕೊಡುವ ಮುಂಚೆ ಇದನ್ನು ಯೋಚಿಸಿ.

## ಹಂತ 2: ಆಮೇಲೆ ಬದಲಾಗದ್ದನ್ನು ಕಾಗದದ ಮೇಲೆ ಬರೆಯಿರಿ

ನೀವು ಉತ್ತರ ಹೇಳದೆ ಬಿಟ್ಟ ಪ್ರಶ್ನೆಗೆ ಏಜೆಂಟ್ ತಾನೇ ಉತ್ತರ ಹಾಕಿಕೊಳ್ಳುತ್ತದೆ. ಬಟನ್ ಬಣ್ಣದಲ್ಲಿ ಹಾಗಾದರೆ ಅಡ್ಡಿಯಿಲ್ಲ. ಮೂರು ವಿಷಯದಲ್ಲಿ ಹಾಗಾಗಬಾರದು.

ಮೊದಲನೆಯದು ಪ್ಯಾಕೇಜ್ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಚುಕ್ಕೆ ಇಟ್ಟು ಬರೆಯುವ ಆ್ಯಪ್‌ನ ವಿಳಾಸ ಅದು. ಒಂದು ಸಲ ಪ್ಲೇ ಕನ್ಸೋಲ್‌ಗೆ ಹೋಯಿತೆಂದರೆ ಆ ಆ್ಯಪ್‌ಗೆ ಕೊನೆವರೆಗೂ ಅದೇ. ಏಜೆಂಟ್ ಸುಮ್ನೆ ‘ಕಾಮ್ ಡಾಟ್ ಎಕ್ಸಾಂಪಲ್’ ಅಥವಾ ‘ಕಾಮ್ ಡಾಟ್ ಅನಾನಿಮಸ್’ ಅಂತ ಹಾಕಿಬಿಡುತ್ತದೆ. ‘ಎಕ್ಸಾಂಪಲ್’ ಇದ್ದರೆ ಪ್ಲೇ ಕನ್ಸೋಲ್ ತೆಗೆದುಕೊಳ್ಳುವುದೇ ಇಲ್ಲ. ‘ಅನಾನಿಮಸ್’ ಹಾಗೇ ಒಳಗೆ ಹೋಗಿಬಿಟ್ಟರೆ ಬದಲಿಸಲು ಹೊಸ ಆ್ಯಪ್ಪೇ ಮಾಡಬೇಕು. 14 ದಿನದ ಎಣಿಕೆಯೂ ಮತ್ತೆ ಸೊನ್ನೆಯಿಂದ.

ಎರಡನೆಯದು, ಮಾಹಿತಿ ಎಲ್ಲಿ ಇರುತ್ತದೆ ಅನ್ನುವುದು. ಶೆಡ್ ಇರುವ ಕಡೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಾಗಾಗಿ ಎಲ್ಲ ಲೆಕ್ಕ ಫೋನಿನೊಳಗೆ, ಎಸ್‌ಕ್ಯುಲೈಟ್ ಎಂಬ ಸಣ್ಣ ಡೇಟಾಬೇಸ್‌ನಲ್ಲಿ ಇರಬೇಕು. ಲಾಗಿನ್ ಬೇಡ, ಸರ್ವರ್ ಬೇಡ. ಇದನ್ನು ಹೇಳದಿದ್ದರೆ ಏಜೆಂಟ್ ಮೊದಲು ಮಾಡುವ ಸ್ಕ್ರೀನೇ ಲಾಗಿನ್. ಲಾಗಿನ್ ಬಂತೆಂದರೆ ಖಾತೆ ಅಳಿಸುವ ವ್ಯವಸ್ಥೆಯನ್ನೂ ನೀವು ಕೊಡಲೇಬೇಕು, ಅದು ಗೂಗಲ್‌ನ ನಿಯಮ. ಮೊದಲ ಆ್ಯಪ್‌ಗೆ ಆ ಹೊರೆ ಯಾಕೆ ಬೇಕು?

ಮೂರನೆಯದು ಅನುಮತಿಗಳು. ‘ಶೆಡ್ ಲೆಕ್ಕ’ಕ್ಕೆ ಲೊಕೇಶನ್ ಬೇಡ, ಕಾಂಟ್ಯಾಕ್ಟ್ಸ್ ಬೇಡ, ಎಸ್ಎಂಎಸ್ ಅಂತೂ ಬೇಡವೇ ಬೇಡ. ಎಸ್ಎಂಎಸ್, ಕಾಲ್ ಲಾಗ್ ಅನುಮತಿ ಕೇಳುವ ಆ್ಯಪ್‌ಗಳಿಗೆ ಗೂಗಲ್‌ನಲ್ಲಿ ಬೇರೆಯೇ ಬಿಗಿ ಪರಿಶೀಲನೆ ಇದೆ.

## ಹಂತ 3: ನಿಯಮದ ಫೈಲ್

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಏಜೆಂಟ್ಸ್ ಡಾಟ್ ಎಂಡಿ’ ಅಂತ ಒಂದು ಫೈಲ್ ಇಡಿ. ಬಹುತೇಕ ಏಜೆಂಟ್‌ಗಳು ಪ್ರತಿ ಸಲ ಅದನ್ನು ಓದಿಯೇ ಕೆಲಸ ಶುರು ಮಾಡುತ್ತವೆ. ನಿಮ್ಮ ಏಜೆಂಟ್ ಬೇರೆ ಹೆಸರಿನ ಫೈಲ್ ಓದುತ್ತಿದ್ದರೆ ಆ ಹೆಸರಿಡಿ. ಕನ್ನಡದಲ್ಲೇ ಬರೆಯಬಹುದು. ನನ್ನ ಫೈಲ್‌ನ ಸಾಲುಗಳು ಹೀಗಿವೆ:

“ಪ್ಯಾಕೇಜ್ ಹೆಸರು ಬದಲಿಸಬೇಡ. ಹೊಸ ಅನುಮತಿ ಸೇರಿಸುವ ಮುಂಚೆ ನನ್ನನ್ನು ಕೇಳು. ಹೊಸ ಲೈಬ್ರರಿ ಬೇಕಾದರೆ ಎಕ್ಸ್‌ಪೋದ ಸ್ವಂತ ಇನ್‌ಸ್ಟಾಲ್ ಆಜ್ಞೆಯನ್ನೇ ಬಳಸು. ಹಣವನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಉಳಿಸು. ಮೊತ್ತ ತೋರಿಸುವಾಗ 1,00,000 ಅಂತ ಬರಬೇಕು, 100,000 ಅಂತಲ್ಲ. ದಿನಾಂಕ ಫೋನಿನ ಸ್ಥಳೀಯ ಸಮಯದ್ದೇ ಇರಬೇಕು. ಸ್ಟೋರ್‌ಗೆ ಏನನ್ನೂ ನನ್ನ ಒಪ್ಪಿಗೆ ಇಲ್ಲದೆ ಕಳಿಸಬೇಡ.”

ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಆ ಸಾಲು ಯಾಕೆ ಅಂತ ಹೇಳಬೇಕು. ಏಜೆಂಟ್ ತನ್ನ ನೆನಪಿನಿಂದ ಹಳೆಯ ಆವೃತ್ತಿ ಹಾಕುತ್ತದೆ. ಕೆಲವೊಮ್ಮೆ ಇಲ್ಲದೇ ಇರುವ ಲೈಬ್ರರಿಯ ಹೆಸರನ್ನೂ ಹೇಳುತ್ತದೆ. ಅಂಥ ಹೆಸರಿನಲ್ಲಿ ಯಾರಾದರೂ ಕೆಟ್ಟ ಕೋಡ್ ಇಟ್ಟಿದ್ದರೆ ಅದು ನೇರವಾಗಿ ನಿಮ್ಮ ಆ್ಯಪ್‌ನೊಳಗೆ ಬರುತ್ತದೆ. ಎಕ್ಸ್‌ಪೋದ ಇನ್‌ಸ್ಟಾಲ್ ಆಜ್ಞೆ ನಿಮ್ಮ ಎಸ್‌ಡಿಕೆಗೆ (ನೀವು ಬಳಸುವ ಎಕ್ಸ್‌ಪೋ ಆವೃತ್ತಿಗೆ) ಹೊಂದುವ ಆವೃತ್ತಿಯನ್ನೇ ಆರಿಸುತ್ತದೆ. ಆದರೂ ಹೊಸ ಹೆಸರು ಕಂಡರೆ ಒಮ್ಮೆ ಹುಡುಕಿ ನೋಡಿ. ಮೇಲಿಂದ ‘ಎಕ್ಸ್‌ಪೋ ಡಾಕ್ಟರ್’ ಎಂಬ ತಪಾಸಣೆಯ ಆಜ್ಞೆ ಓಡಿಸಲು ಹೇಳಿದರೆ ಹೊಂದಾಣಿಕೆ ಇಲ್ಲದ್ದು ಅಲ್ಲೇ ಗೊತ್ತಾಗುತ್ತದೆ.

## ಹಂತ 4: ಒಂದು ಸಲಕ್ಕೆ ಒಂದೇ ಸ್ಕ್ರೀನ್

“ಒಣದ್ರಾಕ್ಷಿ ಶೆಡ್‌ಗೆ ಪೂರ್ತಿ ಆ್ಯಪ್ ಮಾಡಿಕೊಡು” ಅಂತ ಕೇಳಬೇಡಿ. ಅದು ಮಾಡಿಕೊಡುತ್ತದೆ, ಆದರೆ ತಪ್ಪು ಎಲ್ಲಿದೆ ಅಂತ ನಿಮಗೆ ಸಿಗುವುದಿಲ್ಲ. ಮೊದಲು ಯೋಜನೆ ಮಾತ್ರ ಬರೆಯಲು ಹೇಳಿ. ಓದಿ, ತಿದ್ದಿ. ಆಮೇಲೆ ಕ್ರೇಟ್ ಬರೆದುಕೊಳ್ಳುವ ಸ್ಕ್ರೀನ್ ಒಂದೇ. ಅದು ಫೋನಿನಲ್ಲಿ ಸರಿಯಾಗಿ ನಡೆದ ಮೇಲೆ ಗಿಟ್‌ನಲ್ಲಿ ಕಮಿಟ್ ಮಾಡಿಸಿ, ಅಂದರೆ ಆ ಹೊತ್ತಿನ ಪ್ರತಿ ಉಳಿಸಿ. ಆಮೇಲೆ ಕೂಲಿಯ ಸ್ಕ್ರೀನ್.

ಫೋನಿನಲ್ಲಿ ನೋಡಲು ಎಕ್ಸ್‌ಪೋ ಗೋ ಆ್ಯಪ್ ಹಾಕಿಕೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಫೋನ್, ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈನಲ್ಲಿ ಇರಬೇಕು. ಮನೆಯಲ್ಲಿ ವೈಫೈ ಇಲ್ಲವಾದರೆ ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ.

ಈ ಹಂತದಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪುಗಳಲ್ಲಿ ಮೂರನ್ನು ವಿವರವಾಗಿ ಹೇಳುತ್ತೇನೆ. ಇವನ್ನು ಏಜೆಂಟ್ ತಾನಾಗಿ ಕಂಡುಹಿಡಿಯುವುದು ಅಪರೂಪ.

ನಸುಕಿನ ದಿನಾಂಕ. ಕೊಯ್ಲು ನಸುಕಿನಲ್ಲೇ ಶುರು. ಬೆಳಗಿನ 5 ಗಂಟೆಗೆ 12ನೇ ತಾರೀಕು ಬರೆದ ಕ್ರೇಟ್ 11ನೇ ತಾರೀಕಿನ ಲೆಕ್ಕಕ್ಕೆ ಹೋಗುತ್ತಿತ್ತು. ಕಾರಣ, ಏಜೆಂಟ್ ದಿನಾಂಕವನ್ನು ಯುಟಿಸಿ (ಜಗತ್ತಿನ ಪ್ರಮಾಣ) ಸಮಯಕ್ಕೆ ತಿರುಗಿಸಿ ಉಳಿಸುತ್ತಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಬೆಳಗಿನ 5:30ಕ್ಕಿಂತ ಮುಂಚೆ ಬರೆದದ್ದೆಲ್ಲ ಹಿಂದಿನ ದಿನಕ್ಕೆ ಸೇರುತ್ತದೆ. ಹಗಲಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿದರೂ ಇದು ಕಾಣುವುದಿಲ್ಲ. ಫೋನಿನ ಸಮಯವನ್ನು 5 ಗಂಟೆಗೆ ಇಟ್ಟು ಒಂದು ಸಲ ನೋಡಿ.

ಕತ್ತರಿಸಿದ ಒತ್ತಕ್ಷರ. ‘ಲೆಕ್ಕ’, ‘ದ್ರಾಕ್ಷಿ’, ‘ಒಟ್ಟು’ ಬರೆದಾಗ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ. ಏಜೆಂಟ್ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟಿರುತ್ತದೆ. ಕನ್ನಡಕ್ಕೆ ಕೆಳಗೂ ಮೇಲೂ ಜಾಗ ಬೇಕು. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ ಅಂತ ನಿಯಮದ ಫೈಲ್‌ಗೆ ಸೇರಿಸಿ. ಆಮೇಲೆ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿ ನೋಡಿ. ನಮ್ಮ ಹಿರಿಯರು ಹಾಗೇ ಇಟ್ಟುಕೊಂಡಿರುತ್ತಾರೆ, ಅಲ್ವಾ?

ನಡೆಸದೆ ಹೇಳಿದ “ಆಯಿತು”. ಏಜೆಂಟ್ “ಕೆಲಸ ಮುಗಿಯಿತು, ಎಲ್ಲ ಸರಿಯಾಗಿದೆ” ಅನ್ನುತ್ತದೆ. ನಡೆಸಿ ನೋಡಿಯೇ ಇರುವುದಿಲ್ಲ. “ಟೈಪ್ ಪರೀಕ್ಷೆ ಓಡಿಸಿ ಅದರ ಉತ್ತರವನ್ನು ನನಗೆ ತೋರಿಸು” ಅಂತ ಕೇಳಿ. ಟೈಪ್ ಪರೀಕ್ಷೆ ಅಂದರೆ ಸಂಖ್ಯೆ ಇರಬೇಕಾದ ಕಡೆ ಅಕ್ಷರ ಬಂದಂಥ ತಪ್ಪನ್ನು ಕೋಡ್‌ನಲ್ಲಿ ಹುಡುಕುವುದು. ಒಂದೇ ದೋಷವನ್ನು ಮೂರು ಸಲ ಸರಿಮಾಡಲು ಹೋಗಿ ಸೋತಿದೆ ಅಂದರೆ ನಾಲ್ಕನೆಯ ಸಲ ಕೇಳಬೇಡಿ. ಹಿಂದಿನ ಕಮಿಟ್‌ಗೆ ವಾಪಸ್ ಹೋಗಿ, ಹೊಸ ಸಂವಾದ ತೆರೆದು, ದೋಷದ ಪೂರ್ತಿ ಸಂದೇಶ ಕೊಟ್ಟು ಶುರು ಮಾಡಿ. ಹಳೆಯ ಸಂವಾದದಲ್ಲಿ ತಪ್ಪು ಊಹೆಯೇ ತುಂಬಿಕೊಂಡಿರುತ್ತದೆ.

ಅಪಾಯದ ಗುರುತು ಯಾವುದು? ಸಣ್ಣ ಬದಲಾವಣೆ ಕೇಳಿದಾಗ ಏಜೆಂಟ್ ಹತ್ತಾರು ಫೈಲ್ ಮುಟ್ಟಿದರೆ ನಿಲ್ಲಿಸಿ. ದೋಷ ಸರಿಮಾಡು ಅಂದಾಗ ಅದನ್ನು ಹಿಡಿಯುವ ಪರೀಕ್ಷೆಯ ಕೋಡನ್ನೇ ಅಳಿಸಿ ಹಾಕಿದರೂ ನಿಲ್ಲಿಸಿ.

ರಹಸ್ಯ ಕೀ, ಅಂದರೆ ಹೊರಗಿನ ಸೇವೆ ಬಳಸಲು ಕೊಡುವ ಪಾಸ್‌ವರ್ಡ್‌ನಂಥದ್ದು, ಅದರ ಬಗ್ಗೆಯೂ ಒಂದು ಮಾತು. ಎಕ್ಸ್‌ಪೋದಲ್ಲಿ ‘ಎಕ್ಸ್‌ಪೋ ಪಬ್ಲಿಕ್’ ಅಂತ ಶುರುವಾಗುವ ಹೆಸರಿನಲ್ಲಿ ಇಟ್ಟ ಮೌಲ್ಯ ಆ್ಯಪ್‌ನೊಳಗೇ ಸೇರಿ ಹೋಗುತ್ತದೆ. ಆ್ಯಪ್ ಬಿಚ್ಚಿ ನೋಡುವ ಯಾರಿಗಾದರೂ ಅದು ಸಿಗುತ್ತದೆ. ಹಣ ಖರ್ಚಾಗುವ ಯಾವ ಸೇವೆಯ ಕೀಯನ್ನೂ ಅಲ್ಲಿ ಇಡಬಾರದು.

## ಹಂತ 5: ಬಿಲ್ಡ್, ಸಹಿ, ಮತ್ತು ನಾನು ಕಳೆದ ಲೆಕ್ಕ

ಇಎಎಸ್‌ನಲ್ಲಿ ಎರಡು ಬಗೆಯ ಬಿಲ್ಡ್ ಗೊತ್ತಿದ್ದರೆ ಸದ್ಯಕ್ಕೆ ಸಾಕು. ‘ಪ್ರಿವ್ಯೂ’ ಅಂದರೆ ಎಪಿಕೆ ಎಂಬ ಬಗೆಯ ಫೈಲ್ ಬರುತ್ತದೆ, ಫೋನಿಗೆ ನೇರ ಹಾಕಬಹುದು. ‘ಪ್ರೊಡಕ್ಷನ್’ ಅಂದರೆ ಎಎಬಿ ಎಂಬ ಬಗೆಯ ಫೈಲ್ ಬರುತ್ತದೆ, ಅದು ಸ್ಟೋರ್‌ಗೆ ಮಾತ್ರ. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಪ್ಲೇ ಸ್ಟೋರ್ ಎಎಬಿಯನ್ನೇ ಕೇಳುತ್ತದೆ. ಎಪಿಕೆ ಹಿಡಿದು ಕನ್ಸೋಲ್ ಮುಂದೆ ಕೂತವರನ್ನು ನಾನು ಬಹಳ ನೋಡಿದ್ದೇನೆ.

ಮೊದಲ ಬಿಲ್ಡ್‌ನಲ್ಲಿ ಇಎಎಸ್ ಒಂದು ಕೀಸ್ಟೋರ್ (ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀ ಇರುವ ಫೈಲ್) ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದರ ಒಂದು ಪ್ರತಿಯನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಡಿ. ಗಿಟ್‌ಗೆ ಹಾಕಬೇಡಿ. ವರ್ಷನ್ ಕೋಡ್ (ಆವೃತ್ತಿಯ ಕ್ರಮಸಂಖ್ಯೆ) ಪ್ರತಿ ಬಿಲ್ಡ್‌ಗೂ ತಾನೇ ಏರುವಂತೆ ಮಾಡಲು ಏಜೆಂಟ್‌ಗೆ ಹೇಳಿ. ಹಳೆಯ ಸಂಖ್ಯೆಯೇ ಇದ್ದರೆ ಕನ್ಸೋಲ್ ಫೈಲನ್ನು ತೆಗೆದುಕೊಳ್ಳುವುದಿಲ್ಲ.

ಉಚಿತ ಯೋಜನೆಯಲ್ಲಿ ತಿಂಗಳಿಗೆ ಇಷ್ಟೇ ಬಿಲ್ಡ್ ಅನ್ನುವ ಮಿತಿ ಇದೆ, ಸರದಿಯಲ್ಲೂ ಕಾಯಬೇಕಾಗುತ್ತದೆ. ಏಜೆಂಟ್‌ಗೆ ಬಿಟ್ಟರೆ ಪ್ರತಿ ಸಣ್ಣ ಬದಲಾವಣೆಗೂ ಬಿಲ್ಡ್ ಹಾಕಿ ತಿಂಗಳ ಮಿತಿಯನ್ನು ಒಂದೇ ಸಂಜೆಯಲ್ಲಿ ಮುಗಿಸುತ್ತದೆ. “ನಾನು ಹೇಳಿದಾಗ ಮಾತ್ರ ಬಿಲ್ಡ್” ಅನ್ನುವ ಸಾಲನ್ನೂ ನಿಯಮದ ಫೈಲ್‌ಗೆ ಸೇರಿಸಿ.

ಈಗ ನನ್ನ ತಪ್ಪು. ಕಾಕಾ ಅವರ ಫೋನಿಗೆ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಳಿಸಿದ್ದೆ. ಅವರು ಮೂರು ವಾರ ಅದರಲ್ಲೇ ಲೆಕ್ಕ ಬರೆದರು. ಆಮೇಲೆ ಪ್ಲೇ ಸ್ಟೋರ್‌ನ ಪರೀಕ್ಷಾ ಆವೃತ್ತಿ ಬಂತು. ಹಾಕಲು ಹೋದರೆ ಕೂರಲಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ. ಮೂರು ವಾರದ ಲೆಕ್ಕ ಹೋಯಿತು. ಕೂಲಿಯವರ ಮನೆ ಮನೆಗೆ ಹೋಗಿ ಕೇಳಿ ಮತ್ತೆ ಬರೆದೆವು. ಕಾಕಾ ಬೈಯಲಿಲ್ಲ. ಮರುದಿನ ಮತ್ತೆ ವಹಿ ತೆಗೆದು ಪೆನ್ನಿನಿಂದ ಬರೆಯತೊಡಗಿದರು. ನನಗೆ ಅದೇ ಜಾಸ್ತಿ ನೋವಾಯಿತು.

ಕಾರಣ ಇದು. ನೀವು ಕೊಡುವ ಎಪಿಕೆಗೆ ನಿಮ್ಮ ಕೀಯ ಸಹಿ ಇರುತ್ತದೆ. ಪ್ಲೇ ಸ್ಟೋರ್‌ನಿಂದ ಬರುವ ಆ್ಯಪ್‌ಗೆ ಗೂಗಲ್ ತನ್ನಲ್ಲಿರುವ ಬೇರೆ ಕೀಯಿಂದ ಸಹಿ ಹಾಕುತ್ತದೆ. ಸಹಿ ಬೇರೆಯಾದರೆ ಆಂಡ್ರಾಯ್ಡ್ ಒಂದರ ಮೇಲೆ ಇನ್ನೊಂದನ್ನು ಕೂರಿಸುವುದಿಲ್ಲ. ತೆಗೆದು ಹಾಕಿದರೆ ಫೋನಿನೊಳಗಿನ ಎಸ್‌ಕ್ಯುಲೈಟ್ ಲೆಕ್ಕವೂ ಅದರ ಜೊತೆ ಹೋಗುತ್ತದೆ. ಹಾಗಾಗಿ ಎರಡು ಕೆಲಸ ಮಾಡಿ. ಎಪಿಕೆ ನಿಮ್ಮ ಫೋನಿನಲ್ಲಿ ಮಾತ್ರ ಇರಲಿ, ನಿಜವಾದ ಲೆಕ್ಕ ಬರೆಯುವವರ ಫೋನಿಗೆ ಸ್ಟೋರ್‌ನ ಆವೃತ್ತಿಯೇ ಹೋಗಲಿ. ಮತ್ತೆ, ಆ್ಯಪ್‌ನ ಮೂರನೆಯ ಸ್ಕ್ರೀನ್ ಆಗುವ ಹೊತ್ತಿಗೇ “ಲೆಕ್ಕವನ್ನು ಫೈಲ್ ಆಗಿ ಕಳಿಸು” ಮತ್ತು “ಫೈಲ್‌ನಿಂದ ವಾಪಸ್ ತಾ” ಅನ್ನುವ ಎರಡು ಬಟನ್ ಮಾಡಿಸಿ, ಎರಡನ್ನೂ ನಡೆಸಿ ನೋಡಿ.

## ಹಂತ 6: ಕನ್ಸೋಲ್‌ನ ಫಾರ್ಮ್‌ಗಳು

ಈ ಫಾರ್ಮ್‌ಗಳನ್ನು ತುಂಬದೆ ಕ್ಲೋಸ್ಡ್ ಟೆಸ್ಟಿಂಗ್ ಶುರುವಾಗುವುದಿಲ್ಲ. ಗೌಪ್ಯತಾ ನೀತಿಯ ಪುಟ ಯಾರಾದರೂ ತೆರೆದು ಓದುವಂಥ ಲಿಂಕ್‌ನಲ್ಲಿ ಇರಬೇಕು. ವಯಸ್ಸಿನ ಶ್ರೇಣಿಯ ಪ್ರಶ್ನೆಗಳು, ಜಾಹೀರಾತು ಇದೆಯೇ ಇಲ್ಲವೇ, ಡೇಟಾ ಸುರಕ್ಷತೆಯ ಫಾರ್ಮ್, ಇವೆಲ್ಲ ಇವೆ.

ಡೇಟಾ ಸುರಕ್ಷತೆಯ ಫಾರ್ಮನ್ನು ಏಜೆಂಟ್ ಬರೆದುಕೊಟ್ಟಂತೆ ಹಾಗೇ ಅಂಟಿಸಬೇಡಿ. ಮೊದಲು ಅದಕ್ಕೆ ಹೇಳಿ: “ಕೋಡ್ ಪೂರ್ತಿ ಓದಿ, ಯಾವ ಲೈಬ್ರರಿ ಯಾವ ಮಾಹಿತಿಯನ್ನು ಫೋನಿನಿಂದ ಹೊರಗೆ ಕಳಿಸುತ್ತದೆ ಅಂತ ಪಟ್ಟಿ ಮಾಡು.” ದೋಷ ವರದಿ ಮಾಡುವ ಲೈಬ್ರರಿ ಒಂದು ಒಳಗೆ ಕೂತಿದ್ದರೂ “ಏನನ್ನೂ ಸಂಗ್ರಹಿಸುವುದಿಲ್ಲ” ಅನ್ನುವ ಉತ್ತರ ಸುಳ್ಳಾಗುತ್ತದೆ. ಸಹಿ ನಿಮ್ಮದು, ಏಜೆಂಟ್‌ನದ್ದಲ್ಲ.

ಚಿತ್ರಗಳ ಅಳತೆ: ಐಕಾನ್ 512 × 512, ಮೇಲಿನ ದೊಡ್ಡ ಚಿತ್ರ 1024 × 500, ಕನಿಷ್ಠ ಎರಡು ಸ್ಕ್ರೀನ್‌ಶಾಟ್. ಹೆಸರಿಗೆ 30 ಅಕ್ಷರ, ಚಿಕ್ಕ ವಿವರಣೆಗೆ 80. ಮುಖ್ಯ ಭಾಷೆಯಾಗಿ ಕನ್ನಡವನ್ನೇ ಆರಿಸಬಹುದು. ದಯವಿಟ್ಟು ಆರಿಸಿ.

2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳು ಆಂಡ್ರಾಯ್ಡ್ 15, ಅಂದರೆ ಎಪಿಐ 35 ಅಥವಾ ಅದಕ್ಕಿಂತ ಮೇಲಿನದನ್ನು ಗುರಿಯಾಗಿ ಇಟ್ಟಿರಬೇಕು ಅನ್ನುವ ನಿಯಮ ಬಂತು. ಈ ಮಿತಿ ವರ್ಷ ವರ್ಷ ಏರುತ್ತದೆ. ಏಜೆಂಟ್ ಹಳೆಯ ಎಕ್ಸ್‌ಪೋ ಎಸ್‌ಡಿಕೆ ಆರಿಸಿಕೊಂಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಹಂತ 3ರಲ್ಲೇ “ಈಗಿನ ಎಸ್‌ಡಿಕೆ ಯಾವುದು ಅಂತ ಎಕ್ಸ್‌ಪೋ ದಾಖಲೆಯಲ್ಲಿ ನೋಡಿ ಅದನ್ನೇ ಬಳಸು” ಅಂತ ಬರೆಸಿ.

## ಹಂತ 7: 12 ಜನ, 14 ದಿನ

ಆ್ಯಪ್ ಪೂರ್ತಿ ಆಗಲಿ ಅಂತ ಕಾಯಬೇಡಿ. ಕ್ರೇಟ್ ಬರೆಯುವ ಸ್ಕ್ರೀನ್, ಕೂಲಿಯ ಸ್ಕ್ರೀನ್ ಮತ್ತು ಲೆಕ್ಕ ಕಳಿಸುವ ಬಟನ್ ಆದ ದಿನವೇ ಕ್ಲೋಸ್ಡ್ ಟೆಸ್ಟಿಂಗ್‌ಗೆ ಹಾಕಿ. ಆ 14 ದಿನಗಳ ಒಳಗೆ ಹೊಸ ಆವೃತ್ತಿ ಹಾಕುತ್ತಾ ಹೋಗಬಹುದು, ಎಣಿಕೆ ನಿಲ್ಲುವುದಿಲ್ಲ.

ಮೊದಲ ಎಎಬಿಯನ್ನು ನೀವೇ ಕೈಯಾರೆ ಕನ್ಸೋಲ್‌ಗೆ ಏರಿಸಬೇಕು. ಎರಡನೆಯದರಿಂದ ಏಜೆಂಟ್ ‘ಇಎಎಸ್ ಸಬ್ಮಿಟ್’ ಆಜ್ಞೆಯ ಮೂಲಕ ಕಳಿಸಬಹುದು. ಅದಕ್ಕೆ ಗೂಗಲ್ ಸರ್ವಿಸ್ ಅಕೌಂಟ್‌ನ (ಮನುಷ್ಯರ ಬದಲು ಪ್ರೋಗ್ರಾಮ್ ಬಳಸುವ ಖಾತೆಯ) ಕೀ ಬೇಕು. ಆ ಅಕೌಂಟ್‌ಗೆ ಈ ಒಂದೇ ಆ್ಯಪ್‌ನ, ಟೆಸ್ಟಿಂಗ್‌ಗೆ ಕಳಿಸುವ ಅನುಮತಿ ಮಾತ್ರ ಕೊಡಿ. ಪ್ರೊಡಕ್ಷನ್‌ಗೆ, ಅಂದರೆ ಎಲ್ಲರಿಗೂ ಸಿಗುವಂತೆ, ಕಳಿಸುವ ಅನುಮತಿ ಕನ್ಸೋಲ್‌ನಲ್ಲಿ ಬೇರೆಯೇ ಇದೆ. ಅದು ನಿಮ್ಮ ಕೈಯಲ್ಲೇ ಇರಲಿ.

ಎಣಿಕೆ ತಪ್ಪುವುದು ಹೀಗೆ:

ಇಂಟರ್ನಲ್ ಟೆಸ್ಟಿಂಗ್‌ಗೆ ಹಾಕಿ ಎರಡು ವಾರ ಕಾಯುತ್ತಾರೆ. ಅದು ಬೇಗ ಸಿಗುತ್ತದೆ, ಆದರೆ ಈ ನಿಯಮಕ್ಕೆ ಲೆಕ್ಕಕ್ಕಿಲ್ಲ. ಕ್ಲೋಸ್ಡ್ ಟೆಸ್ಟಿಂಗ್ ಆಗಬೇಕು.

ಇಮೇಲ್ ಪಟ್ಟಿಗೆ ಸೇರಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಪರೀಕ್ಷಕರು ಲಿಂಕ್ ತೆರೆದು ಒಪ್ಪಿಗೆ ಒತ್ತಬೇಕು, ಆಮೇಲೆ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳಬೇಕು. ಗೂಗಲ್ ಮೊದಲ ಪರಿಶೀಲನೆ ಮುಗಿಸುವವರೆಗೆ ಆ ಲಿಂಕ್ ಕೆಲಸ ಮಾಡುವುದಿಲ್ಲ. ಅದಕ್ಕೇ ಪರಿಶೀಲನೆ ಮುಗಿದ ಮೇಲೆ ಲಿಂಕ್ ಕಳಿಸಿ.

ಜಿಮೇಲ್ ಬೇರೆ ಇರುತ್ತದೆ. ನಮ್ಮ ಊರುಗಳಲ್ಲಿ ಇದೇ ದೊಡ್ಡ ತೊಡಕು. ಎಷ್ಟೋ ಜನರ ಜಿಮೇಲ್ ಮಾಡಿಕೊಟ್ಟಿದ್ದು ಮೊಬೈಲ್ ಅಂಗಡಿಯವರು. ಫೋನ್ ಬಳಸುವವರಿಗೇ ತಮ್ಮ ವಿಳಾಸ ಯಾವುದು ಅಂತ ಗೊತ್ತಿಲ್ಲ. ಫೋನಿನಲ್ಲಿ ಕೇಳಬೇಡಿ. ಎದುರಿಗೆ ಕೂತು, ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ಚಿತ್ರ ಒತ್ತಿ, ಅಲ್ಲಿರುವ ವಿಳಾಸವನ್ನು ನೋಡಿ ಬರೆದುಕೊಳ್ಳಿ. ನಾನು ಒಂದು ಭಾನುವಾರ ಪೂರ್ತಿ ಶೆಡ್‌ಗಳನ್ನು ಸುತ್ತಿ ಇದನ್ನೇ ಮಾಡಿದೆ. ಒಂದೇ ಜಿಮೇಲ್ ಹಂಚಿಕೊಂಡ ಗಂಡ ಹೆಂಡತಿಯನ್ನು ಇಬ್ಬರು ಅಂತ ಎಣಿಸಬೇಡಿ.

ಸರಿಯಾಗಿ 12 ಜನರನ್ನೇ ಇಟ್ಟುಕೊಂಡರೆ 9ನೇ ದಿನ ಒಬ್ಬರು ಹೊರಗೆ ಹೋದರೂ ತೊಂದರೆ. 16 ಜನರನ್ನು ಸೇರಿಸಿ.

ಹಣ ಕೊಟ್ಟರೆ ಪರೀಕ್ಷಕರನ್ನು ಕೊಡುತ್ತೇವೆ ಅನ್ನುವವರಿದ್ದಾರೆ. ಹೋಗಬೇಡಿ. 14 ದಿನ ಮುಗಿದ ಮೇಲೆ ಗೂಗಲ್ ಕೇಳುತ್ತದೆ: ಪರೀಕ್ಷಕರನ್ನು ಹೇಗೆ ಹುಡುಕಿದಿರಿ, ಅವರು ಏನು ಹೇಳಿದರು, ನೀವು ಏನು ಬದಲಿಸಿದಿರಿ? ನಿಜವಾದ ಉತ್ತರ ನಿಮ್ಮಲ್ಲಿ ಇರಬೇಕು. ಪ್ರತಿ ಸಂಜೆ ಇಬ್ಬರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ತಾರೀಕು ಹಾಕಿ ಬರೆದಿಡಿ. “ಕ್ರೇಟ್ ತೂಕ ಬರೆದ ಮೇಲೆ ಕೀಬೋರ್ಡ್ ಮುಚ್ಚುವುದಿಲ್ಲ, ಉಳಿಸುವ ಬಟನ್ ಅದರ ಹಿಂದೆ ಹೋಗುತ್ತದೆ” ಅಂತ ಒಬ್ಬ ಹೆಣ್ಣುಮಗಳು ಹೇಳಿದಳು. ನನಗೂ ಏಜೆಂಟ್‌ಗೂ ಅದು ಕಂಡಿರಲಿಲ್ಲ.

## ಹಂತ 8: ಎಲ್ಲರಿಗೂ ಬಿಡುವುದು

ಪ್ರೊಡಕ್ಷನ್ ಅನುಮತಿಗೆ ಅರ್ಜಿ ಹಾಕಿದ ಮೇಲೆ ಉತ್ತರ ಸಾಮಾನ್ಯವಾಗಿ ಒಂದು ವಾರದೊಳಗೆ ಬರುತ್ತದೆ. ತಿರಸ್ಕಾರವಾದರೆ ಸಂದೇಶದಲ್ಲಿರುವ ಕಾರಣವನ್ನು ಮೊದಲು ನೀವು ಓದಿ, ಆಮೇಲೆ ಏಜೆಂಟ್‌ಗೆ ಕೊಡಿ. ಏನನ್ನೂ ಬದಲಿಸದೆ ಮತ್ತೆ ಒತ್ತಬೇಡಿ.

ಬಿಟ್ಟ ಮೇಲೆ ಹಿಂದಿನ ಆವೃತ್ತಿಗೆ ವಾಪಸ್ ಹೋಗಲು ಬಟನ್ ಇಲ್ಲ. ಹಳೆಯ ಕೋಡನ್ನೇ ಹೊಸ, ದೊಡ್ಡ ವರ್ಷನ್ ಕೋಡ್‌ನೊಂದಿಗೆ ಮತ್ತೆ ಕಳಿಸಬೇಕು. ಅದಕ್ಕೇ ಪ್ರತಿ ಬಿಡುಗಡೆಗೂ ಗಿಟ್‌ನಲ್ಲಿ ಟ್ಯಾಗ್ (ಹೆಸರಿನ ಗುರುತು) ಹಾಕಿಸಿ. ಎರಡನೆಯ ಬಿಡುಗಡೆಯಿಂದ ಹಂತ ಹಂತವಾಗಿ ಬಿಡುವ ಸೌಲಭ್ಯ ಸಿಗುತ್ತದೆ. ಮೊದಲು 20% ಜನರಿಗೆ ಬಿಟ್ಟು ಎರಡು ದಿನ ನೋಡಿ. ಲೆಕ್ಕದ ಕೋಷ್ಟಕ ಬದಲಾಗುವ ಆವೃತ್ತಿಯಾದರೆ ಇದನ್ನು ತಪ್ಪಿಸಲೇಬೇಡಿ. ಹಳೆಯ ಲೆಕ್ಕ ತುಂಬಿರುವ ಫೋನಿನ ಮೇಲೆ ಹೊಸದನ್ನು ಹಾಕಿ ನೋಡದೆ ಕಳಿಸಬೇಡಿ. ಖಾಲಿ ಫೋನಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಐಫೋನ್ ಬೇಕು ಅನ್ನುವವರಿಗೆ: ಆಪಲ್ ಶುಲ್ಕ ವರ್ಷಕ್ಕೆ 99 ಡಾಲರ್. ಇಎಎಸ್ ಇರುವುದರಿಂದ ಮ್ಯಾಕ್ ಇಲ್ಲದೆಯೂ ಬಿಲ್ಡ್ ಮಾಡಬಹುದು, ಆಪಲ್‌ನ ಪರೀಕ್ಷಾ ಸೇವೆ ಟೆಸ್ಟ್‌ಫ್ಲೈಟ್‌ಗೆ ಕಳಿಸಬಹುದು. ನಾನಾದರೆ ಮೊದಲು ನಿಮ್ಮ 16 ಪರೀಕ್ಷಕರಲ್ಲಿ ಐಫೋನ್ ಇರುವವರು ಎಷ್ಟು ಅಂತ ಎಣಿಸುತ್ತೇನೆ. ನಮ್ಮ ಶೆಡ್‌ಗಳಲ್ಲಿ ಒಬ್ಬರೂ ಇರಲಿಲ್ಲ.